ನೀರು, ಹಾಲು, ಚಹಾ: ಕೀಲಿಕೈ ಯಾರ ಹತ್ತಿರ ಇರಬೇಕು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಗೋಷ್ಠಿಯ ಸಂಚಾಲಕರು ನನಗೆ ಫೋನ್ ಮಾಡಿ, "ನೀವು ಸಾಫ್ಟ್‌ವೇರ್ ಇಂಜಿನಿಯರ್ ಇದ್ದೀರಿ, ಕಂಪ್ಯೂಟರ್ ಬಗ್ಗೆ ಮಾತಾಡ್ರಿ" ಅಂದಿದ್ದರು. ಕಂಪ್ಯೂಟರ್ ಬಗ್ಗೆ ಈಗ ನನಗಿಂತ ಈ ಮಕ್ಕಳಿಗೇ ಹೆಚ್ಚು ಗೊತ್ತು. ನಾನು ಮಾತಾಡಬೇಕೆಂದಿರುವುದು ನಾವು ದಿನಾ ಕುಡಿಯುವುದರ ಬಗ್ಗೆ. ಬೆಳಗಿನ ಚಹಾ, ಅದರೊಳಗಿನ ಹಾಲು, ಮಧ್ಯಾಹ್ನದ ಮಜ್ಜಿಗೆ, ಬಿಸಿಲಿಗೆ ಕುಡಿಯುವ ಸೋಡಾ, ಎಲ್ಲಕ್ಕಿಂತ ಮೊದಲು ನೀರು. ಇವು ಯಾರ ಕೈಯಿಂದ ನಮ್ಮ ಲೋಟಕ್ಕೆ ಬರುತ್ತವೆ? ಆ ಕೈ ಒಂದು ದಿನ ಹಿಂದಕ್ಕೆ ಸರಿದರೆ ನಮ್ಮ ಗತಿ ಏನು? ಇವತ್ತು ನಾವೆಲ್ಲ ಸೇರಿ ಮಾಡಬೇಕಾದ ಒಂದು ತೀರ್ಮಾನಕ್ಕೂ ಈ ಪ್ರಶ್ನೆಗೂ ಸಂಬಂಧವಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಮಲಾಪುರದಲ್ಲಿ ಬಸ್ಸು ಹತ್ತಿ ಕಲಬುರಗಿಗೆ ಹೋದವನು. ಪಿಯುಸಿಯಿಂದ ಬಿ.ಇ. ಮುಗಿಯುವ ತನಕ ರೋಜಾದಲ್ಲಿ, ಖಾಜಾ ಬಂದೇನವಾಜ್ ದರ್ಗಾಕ್ಕೆ ಹತ್ತಿರದ ಓಣಿಯೊಂದರ ಖೋಲಿಯಲ್ಲಿ ಇದ್ದೆ. ಆ ಓಣಿಯಲ್ಲಿ ಒಂದು ಕಿರಾಣಿ ಅಂಗಡಿ, ಒಂದು ಚಹಾ ಹೋಟೆಲ್, ಬೆಳಗಿನ ಐದು ಗಂಟೆಗೆ ಕ್ರೇಟ್ ಇಳಿಸುವ ಹಾಲಿನ ಬೂತು. ನಮ್ಮ ವಿದ್ಯಾರ್ಥಿ ಜೀವನವೆಲ್ಲ ಈ ಮೂರು ಅಂಗಡಿಗಳ ಉದ್ರಿ ಪುಸ್ತಕದಲ್ಲಿ ಬರೆದಿದೆ. ಕಿರಾಣಿ ಅಂಗಡಿಯ ಹಿರಿಯರು ತಿಂಗಳ ಕೊನೆಗೆ ನಮ್ಮ ಮುಖ ನೋಡಿಯೇ, "ಇರ್ಲಿ ಬಿಡ್ರಿ, ಮನಿಯಿಂದ ರೊಕ್ಕ ಬಂದ ಮ್ಯಾಲ ಕೊಡ್ರಿ" ಅನ್ನುತ್ತಿದ್ದರು.

ಕಳೆದ ಸಲ ಹೋದಾಗ ಅವರ ಅಂಗಡಿಯಲ್ಲಿ ಸರಕು ಅರ್ಧ ಕಡಿಮೆಯಾಗಿತ್ತು. ಕೇಳಿದೆ. ಅವರು ಹೇಳಿದ್ದು ಇಷ್ಟು: "ದೊಡ್ಡ ಅಂಗಡಿಯವರು ತಮ್ಮದೇ ಹೆಸರಿನ ಚಹಾಪುಡಿ, ತಮ್ಮದೇ ಬೇಳಿ ಮಾರ್ತಾರ. ನಾ ಹೋಲ್‌ಸೇಲ್‌ನಾಗ ಕೊಳ್ಳೋ ರೇಟಿಗಿಂತ ಅವರು ಗಿರಾಕಿಗೆ ಕೊಡೋ ರೇಟೇ ಕಡಿಮಿ ಅದ. ನಾ ಹೆಂಗ ನಿಂದ್ರಲಿ?"

ಈ "ತಮ್ಮದೇ ಹೆಸರಿನ" ಸರಕಿಗೆ ವ್ಯಾಪಾರದವರು ಸ್ಟೋರ್ ಬ್ರಾಂಡ್ ಅನ್ನುತ್ತಾರೆ. ಅದು ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಬಲ್ಲೆ, ಏಕೆಂದರೆ ನನ್ನ ಕೆಲಸವೇ ಅಂಗಡಿಗಳ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಬರೆಯುವುದು. ಒಂದು ದೊಡ್ಡ ಅಂಗಡಿಗೆ ಯಾವ ಚಹಾಪುಡಿ ಯಾವ ಓಣಿಯಲ್ಲಿ ಎಷ್ಟು ಹೋಗುತ್ತದೆ, ಎಷ್ಟು ರೂಪಾಯಿ ಏರಿದರೆ ಗಿರಾಕಿ ಬಿಡುತ್ತಾನೆ, ಹಾಲಿನ ಜೊತೆ ಏನು ಕೊಳ್ಳುತ್ತಾನೆ ಎಲ್ಲ ಗೊತ್ತಿರುತ್ತದೆ. ಅದೇ ಲೆಕ್ಕ ನೋಡಿ ಯಾವುದೋ ಕಾರ್ಖಾನೆಗೆ ಹೇಳಿ ಅಂಥದ್ದೇ ಪುಡಿ ಮಾಡಿಸಿ, ತನ್ನ ಹೆಸರು ಹಚ್ಚಿ, ಕಣ್ಣಿಗೆ ಸರಿಯಾಗಿ ಬೀಳುವ ಹಲಗೆಯ ಮೇಲೆ ಇಡುತ್ತದೆ. ಜಾಹೀರಾತಿನ ಖರ್ಚಿಲ್ಲ, ನಡುವೆ ವಿತರಕನಿಲ್ಲ. ಹಾಗಾಗಿ ಬೆಲೆ ಕಡಿಮೆ. ಆನ್‌ಲೈನ್ ಅಂಗಡಿಯಲ್ಲಾದರೆ ಹಲಗೆಯ ಬದಲು ಮೊಬೈಲ್ ಪರದೆಯ ಮೊದಲ ಸಾಲು, ಅಷ್ಟೇ ವ್ಯತ್ಯಾಸ.

ಇದರಲ್ಲಿ ಮೋಸವೇನೂ ಇಲ್ಲ. ಬಡವರ ಮನೆಗೆ ಕಿಲೋಗೆ ಇಪ್ಪತ್ತು ರೂಪಾಯಿ ಉಳಿದರೆ ಅದು ಒಳ್ಳೆಯದೇ. ಕೇಂದ್ರ ಸರಕಾರವೂ ಇದೇ ದಾರಿ ಹಿಡಿದಿದೆ: 2023ರಲ್ಲಿ ಭಾರತ್ ದಾಲ್, ಭಾರತ್ ಆಟಾ, 2024ರಲ್ಲಿ ಭಾರತ್ ರೈಸ್ ಅಂತ ತನ್ನದೇ ಹೆಸರಿನ ಪಾಕೀಟು ಮಾರುಕಟ್ಟೆಗೆ ತಂದಿತು. ಅಕ್ಕಿ ಕಿಲೋಗೆ 29 ರೂಪಾಯಿ ಇತ್ತು. ಬೆಲೆ ಏರಿದಾಗ ಅದನ್ನು ಕೆಳಗೆ ಎಳೆಯಲು ಅದೂ ಒಂದು ಉಪಾಯ.

ತೊಂದರೆ ಇರುವುದು ಬೇರೆ ಕಡೆ. ಅಂಗಡಿಯೂ ಅವರದೇ, ಸರಕೂ ಅವರದೇ, ತೂಕದ ಲೆಕ್ಕವೂ ಅವರದೇ ಆದಾಗ, ಬೇರೆಯವರೆಲ್ಲ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡ ಮೇಲೆ, ಬೆಲೆಯನ್ನು ಯಾರು ಕೇಳಬೇಕು? ರೋಜಾದ ಹಿರಿಯರು ಕೊಟ್ಟಂತೆ ಉದ್ರಿ ಯಾರು ಕೊಡಬೇಕು? ಇದಕ್ಕೆ ಕೆಲವರು, "ಹಾಗಾದರೆ ಎಲ್ಲವನ್ನೂ ಸರಕಾರವೇ ನಡೆಸಲಿ" ಅನ್ನುತ್ತಾರೆ. ಇನ್ನು ಕೆಲವರು, "ಸರಕಾರದ್ದು ಯಾವುದು ನೆಟ್ಟಗೆ ನಡೆದಿದೆ, ಎಲ್ಲ ಖಾಸಗಿಯವರಿಗೆ ಬಿಡಿ" ಅನ್ನುತ್ತಾರೆ. ಎರಡೂ ಮಾತು ಊರ ಕಟ್ಟೆಯ ಮೇಲೆ ದಿನಾ ಕೇಳುತ್ತೇವೆ. ಎರಡನ್ನೂ ನಮ್ಮ ನಾಡಿನ ಅನುಭವದ ಮುಂದೆ ಹಿಡಿದು ನೋಡೋಣ.

ಮೊದಲು ಸೋಡಾದ ಕಥೆ. 1977ರಲ್ಲಿ ದೆಹಲಿಯಲ್ಲಿ ಜನತಾ ಸರಕಾರ ಬಂತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾದರು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ ಕಾನೂನಿನ ಕಾರಣ ಕೋಕಾ ಕೋಲಾ ದೇಶ ಬಿಟ್ಟು ಹೋಯಿತು. ಅದರ ಜಾಗ ತುಂಬಲು ಸರಕಾರವೇ ಒಂದು ಕೋಲಾ ಮಾಡಿತು. ಹೆಸರು ಡಬಲ್ ಸೆವೆನ್, ಅಂದರೆ ಎಪ್ಪತ್ತೇಳು. ಅದರ ರುಚಿಯ ಸೂತ್ರ ತಯಾರಾದದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ. ಪ್ರಯೋಗಾಲಯದಲ್ಲಿ. ಬಾಟಲಿಗೆ ತುಂಬಿಸಿ ಮಾರುವ ಹೊಣೆ ಸರಕಾರಿ ಬ್ರೆಡ್ ಕಂಪನಿಯಾದ ಮಾಡರ್ನ್ ಫುಡ್‌ನದು. ಅದೇ ಹೊತ್ತಿಗೆ ಖಾಸಗಿಯವರ ಥಮ್ಸ್ ಅಪ್, ಕ್ಯಾಂಪಾ ಕೋಲಾ ಬಂದವು. ಜನ ಅವನ್ನು ಕುಡಿದರು, ಡಬಲ್ ಸೆವೆನ್ ಮರೆತರು. 1993ರಲ್ಲಿ ಕೋಕಾ ಕೋಲಾ ಮರಳಿ ಬಂದು ಥಮ್ಸ್ ಅಪ್ ಅನ್ನೇ ಕೊಂಡುಕೊಂಡಿತು. ಮಾಡರ್ನ್ ಫುಡ್ ಕಂಪನಿಯನ್ನು ಸರಕಾರ 2000ದಲ್ಲಿ ಮಾರಿತು. ಕ್ಯಾಂಪಾ ಹೆಸರನ್ನು 2022ರಲ್ಲಿ ರಿಲಯನ್ಸ್ ಕೊಂಡುಕೊಂಡು, ಮರುವರ್ಷ ಹೊಸದಾಗಿ ಬಿಟ್ಟಿತು. ಈಗ ನಮ್ಮೂರ ಬಸ್ ಸ್ಟ್ಯಾಂಡಿನಲ್ಲೂ ಹತ್ತು ರೂಪಾಯಿಗೆ ಒಂದು ಸಣ್ಣ ಬಾಟಲಿ ಸಿಗುತ್ತದೆ.

ಇದರಿಂದ ನಾವು ಕಲಿಯುವುದೇನು? ಸರಕಾರಕ್ಕೆ ಕೋಲಾ ಮಾರಲು ಬರಲಿಲ್ಲ ಎಂಬುದಷ್ಟೇ ಅಲ್ಲ. ಕೋಲಾ ಮಾರುವುದು ಸರಕಾರದ ಕೆಲಸವೇ ಆಗಿರಲಿಲ್ಲ. ಕೋಲಾ ಇಲ್ಲದೆ ಯಾರೂ ಸಾಯುವುದಿಲ್ಲ. ಯಾರು ಬೇಕಾದರೂ ಮಾಡಲಿ, ಯಾರು ಬೇಕಾದರೂ ಮಾರಲಿ, ಒಂದು ಮುಳುಗಿದರೆ ಇನ್ನೊಂದು ಏಳಲಿ. ಪುತ್ತೂರಿನಿಂದ ಹೊರಟ ಬಿಂದು ಜೀರಾ ಸೋಡಾ ದೊಡ್ಡ ಕಂಪನಿಗಳ ನಡುವೆಯೇ ಜಾಗ ಮಾಡಿಕೊಂಡಿತಲ್ಲ, ಹಾಗೆ. ರೋಜಾದಲ್ಲಿ ರಂಜಾನ್ ಸಂಜೆ ಮನೆಮನೆಯಲ್ಲಿ ಕಲಸುವ ರೂಹ್ ಅಫ್ಜಾ ನೋಡಿ. ಅದನ್ನು ಮಾಡುವ ಹಮ್‌ದರ್ದ್ 1906ರಲ್ಲಿ ದೆಹಲಿಯಲ್ಲಿ ಒಂದು ದವಾಖಾನೆಯಾಗಿ ಶುರುವಾಯಿತು. 1948ರಿಂದ ಅದು ವಕ್ಫ್, ಅಂದರೆ ಧರ್ಮಾರ್ಥ ಸಂಸ್ಥೆ. ಸರಕಾರದ್ದೂ ಅಲ್ಲ, ಒಬ್ಬ ಸಾಹುಕಾರನದ್ದೂ ಅಲ್ಲ. ಒಡೆತನಕ್ಕೆ ಎರಡೇ ದಾರಿ ಅಂತ ನಾವು ಯಾಕೆ ತಿಳಿಯಬೇಕು?

ಇನ್ನು ಕಾಫಿ. ನಮ್ಮ ಕಡೆ ಚಹಾದ್ದೇ ರಾಜ್ಯ, ಆದರೆ ನಮ್ಮ ರಾಜ್ಯ ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುತ್ತದೆ. 1940ರ ದಶಕದಿಂದ ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕಿತ್ತು. ಮಂಡಳಿ ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಮಾರಿ ಕಂತಿನಲ್ಲಿ ಹಣ ಕೊಡುತ್ತಿತ್ತು. ಯುದ್ಧಕಾಲದಲ್ಲಿ ಬೆಲೆ ಕುಸಿದಾಗ ಆ ವ್ಯವಸ್ಥೆ ಬೆಳೆಗಾರನನ್ನು ಉಳಿಸಿತು. ಕಾಲ ಕಳೆದಂತೆ ತನ್ನ ತೋಟದ ಕಾಫಿಯನ್ನು ತಾನೇ ಮಾರುವ ಹಕ್ಕು ಬೇಕೆಂದು ಬೆಳೆಗಾರರೇ ಕೇಳಿದರು. 1990ರ ದಶಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆ ಹಕ್ಕು ಸಿಕ್ಕಿತು. ಇನ್ನೊಂದು ಕಡೆ, ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರೇ 1957ರಲ್ಲಿ ಸಹಕಾರಿ ಸಂಘ ಕಟ್ಟಿಕೊಂಡರು. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್‌ನಲ್ಲಿ ಇಂದಿಗೂ ಪೇಟ ಕಟ್ಟಿ ಕಾಫಿ ತಂದುಕೊಡುವವರು ಆ ಸಂಘದವರೇ. ಸರಕಾರ ಕಟ್ಟಿದ್ದನ್ನು ದುಡಿಯುವವರೇ ಉಳಿಸಿಕೊಂಡರು.

ಈಗ ಹಾಲಿಗೆ ಬರೋಣ. ಹಾಲು ಕೋಲಾ ಅಲ್ಲ. ಕೂಸಿಗೆ ಬೇಕು, ಬಾಣಂತಿಗೆ ಬೇಕು, ರೋಗಿಗೆ ಬೇಕು. ಹಾಲಿಗೆ ಇನ್ನೊಂದು ಗುಣ ಇದೆ. ತೊಗರಿಯನ್ನು ಬೆಲೆ ಬರುವ ತನಕ ಚೀಲದಲ್ಲಿ ಇಡಬಹುದು, ಹಾಲನ್ನು ಇಡಲಾಗದು. ಬೆಳಗ್ಗೆ ಕರೆದದ್ದು ಮಧ್ಯಾಹ್ನಕ್ಕೆ ಕೆಡುತ್ತದೆ. ಹಾಗಾಗಿ ಕೊಳ್ಳುವವನು ಒಬ್ಬನೇ ಇದ್ದರೆ ಅವನು ಹೇಳಿದ್ದೇ ಬೆಲೆ. ಗುಜರಾತಿನ ಖೇಡಾ ಜಿಲ್ಲೆಯ ರೈತರಿಗೆ ಪೋಲ್ಸನ್ ಡೈರಿಯಿಂದ ಆದದ್ದು ಇದೇ. 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಅವರು ತಮ್ಮದೇ ಸಂಘ ಕಟ್ಟಿದರು. ಅದೇ ಅಮುಲ್ ಆಯಿತು. ಆಮೇಲೆ ವರ್ಗೀಸ್ ಕುರಿಯನ್ ಆ ಮಾದರಿಯನ್ನು ದೇಶಕ್ಕೆ ಹರಡಿದರು. ಸಹಕಾರದ ಬೇರು ನಮ್ಮಲ್ಲಿ ಇನ್ನೂ ಹಳೆಯದು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ತೆರೆದಿದ್ದರು.

ಕರ್ನಾಟಕದಲ್ಲಿ ಹಾಲಿನ ನಿಗಮ ಶುರುವಾದದ್ದು 1974ರಲ್ಲಿ, ಹೆಚ್ಚೂಕಡಿಮೆ ನಮ್ಮ ಶಾಲೆಯ ವಯಸ್ಸು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ ಆಯಿತು. ಅದರ ಹೆಸರು ನಂದಿನಿ. ಯೋಚಿಸಿ ನೋಡಿ, ನಂದಿನಿಯೂ ಒಂದು ಸ್ಟೋರ್ ಬ್ರಾಂಡೇ. ಆದರೆ ಇಲ್ಲಿ ಅಂಗಡಿ ಕಟ್ಟಿದವರು ಹಾಲು ಕರೆದವರು. ಊರಿನ ಸಂಘ, ಜಿಲ್ಲೆಗಳ ಒಕ್ಕೂಟ, ಮೇಲೆ ಮಹಾಮಂಡಳ. ನಮ್ಮದು ಕಲಬುರಗಿ, ಬೀದರ್, ಯಾದಗಿರಿ ಸೇರಿದ ಒಕ್ಕೂಟ.

2023ರಲ್ಲಿ ಈ ನಂದಿನಿಗಾಗಿ ನಾಡೇ ಎದ್ದು ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಮಾರ್ಚ್‌ನಲ್ಲಿ ಮೊಸರಿನ ಪಾಕೀಟಿನ ಮೇಲೆ 'ದಹಿ' ಎಂದು ಅಚ್ಚು ಹಾಕಬೇಕೆಂಬ ಸೂಚನೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಬಂತು. ವಿರೋಧ ಎದ್ದ ಮೇಲೆ ಆ ತಿಂಗಳ ಕೊನೆಯಲ್ಲೇ ಪ್ರಾಧಿಕಾರ ಹಿಂದೆ ಸರಿದು, ಆಯಾ ಊರಿನ ಮಾತಿನಲ್ಲಿ ಬರೆಯಬಹುದು ಅಂದಿತು. ಮೊಸರು ಮೊಸರಾಗಿಯೇ ಉಳಿಯಿತು. ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು ಮೊಸರು ಮಾರುವುದಾಗಿ ಹೇಳಿತು. ಚುನಾವಣೆಯ ಹೊತ್ತು, ದೊಡ್ಡ ಗದ್ದಲವಾಯಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಹೇಳಿತು.

ಇಲ್ಲಿ ಒಂದು ಮಾತು ಗಮನಿಸಬೇಕು. ಅಮುಲ್ ಕೂಡ ರೈತರ ಸಹಕಾರಿಯೇ, ಅದು ಶತ್ರುವಲ್ಲ. ಜನ ಕೇಳಿದ ಪ್ರಶ್ನೆ, ನಮ್ಮ ಸಂಘದ ಮೇಲಿನ ಹಿಡಿತ ನಮ್ಮ ಕೈಯಲ್ಲೇ ಇರುತ್ತದೆಯೋ ಇಲ್ಲವೋ ಎಂಬುದು. ಪಾಕೀಟಿನ ಮೇಲಿನ ಒಂದು ಶಬ್ದಕ್ಕೂ ಊರಿನ ಡೈರಿಯ ಒಡೆತನಕ್ಕೂ ಜನ ಒಟ್ಟಿಗೇ ಎದ್ದರು. ಏಕೆಂದರೆ ಅವರಿಗೆ ಅದು ತಮ್ಮದು ಅನ್ನಿಸಿತ್ತು. ಅಂಗಡಿಯವನ ಚಹಾಪುಡಿಯ ಹೆಸರು ನಾಳೆ ಬದಲಾದರೆ ಯಾರಾದರೂ ಬೀದಿಗೆ ಬರುತ್ತಾರೆಯೇ?

ಕಷ್ಟಕಾಲದಲ್ಲಿ ಈ ಒಡೆತನದ ಬೆಲೆ ತಿಳಿಯುತ್ತದೆ. 2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಹೋಟೆಲ್ ಮುಚ್ಚಿದವು, ಮದುವೆ ನಿಂತವು, ಹಾಲು ಕೊಳ್ಳುವವರೇ ಇಲ್ಲ. ಆದರೆ ಎಮ್ಮೆ ಲಾಕ್‌ಡೌನ್ ಕೇಳುವುದಿಲ್ಲ, ಹಾಲು ಕೊಡುತ್ತಲೇ ಇರುತ್ತದೆ. ಮಹಾಮಂಡಳ ಹಾಲು ಎತ್ತುವುದನ್ನು ನಿಲ್ಲಿಸಲಿಲ್ಲ. ಉಳಿದ ಹಾಲನ್ನು ಸರಕಾರ ಕೊಂಡು ಬಡವರಿಗೆ ಪುಕ್ಕಟೆ ಹಂಚಿಸಿತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯವೂ ಹಾಗೇ: ರೈತರ ಹೆಚ್ಚುವರಿ ಹಾಲು ಪುಡಿಯಾಗಿ, ಮತ್ತೆ ಹಾಲಾಗಿ, ಈ ಮಕ್ಕಳ ಲೋಟಕ್ಕೆ ಬರುತ್ತಿದೆ. ನಮ್ಮ ಕಾಲಕ್ಕೆ ಅದು ಇರಲಿಲ್ಲ, ಮಕ್ಕಳೇ. ನೀವು ಪುಣ್ಯವಂತರು.

ಹಾಗಂತ ನಂದಿನಿಯಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ ನೀಲಿ ಪಾಕೀಟಿನ ಹಾಲು ಲೀಟರಿಗೆ 42ರಿಂದ 46 ರೂಪಾಯಿ ಆಯಿತು. ತೀರ್ಮಾನ ಆದದ್ದು ಸಚಿವ ಸಂಪುಟದಲ್ಲಿ. ಏರಿಸಿದ 4 ರೂಪಾಯಿ ರೈತನಿಗೇ ಹೋಗಬೇಕು ಅಂದರು, ಒಳ್ಳೆಯದು. ಆದರೆ ರೈತರ ಸಂಘದ ಬೆಲೆಯನ್ನು ಮಂತ್ರಿಗಳು ತೀರ್ಮಾನಿಸುವುದಾದರೆ ಸಂಘದ ಒಡೆಯ ಯಾರು? ಅಧ್ಯಕ್ಷರ ಕುರ್ಚಿಗೆ ರಾಜಕಾರಣಿಗಳೇ ಪೈಪೋಟಿ ನಡೆಸುವುದಾದರೆ ಹಾಲು ಕರೆಯುವ ಹೆಣ್ಣುಮಗಳ ಮಾತು ಯಾರು ಕೇಳಬೇಕು? ಇನ್ನು ದಕ್ಷಿಣದ ಹಾಸನ, ಮಂಡ್ಯ, ಕೋಲಾರದ ಒಕ್ಕೂಟಗಳ ಮುಂದೆ ನಮ್ಮ ಕಲಬುರಗಿ ಒಕ್ಕೂಟ ಬಹಳ ಚಿಕ್ಕದು. ನೀರು ಕಡಿಮೆ, ಹಸಿ ಮೇವು ಕಡಿಮೆ, ಬಿಸಿಲು ಹೆಚ್ಚು ಎಂಬುದು ನಿಜ. ಸಂಘ ಇಲ್ಲದ ಹಳ್ಳಿಗಳೂ ಹೆಚ್ಚು ಎಂಬುದೂ ನಿಜ. ಒಡೆತನ ಎಂಬುದು ಕಾಗದದ ಮೇಲಿದ್ದರೆ ಸಾಲದು. ಮಹಾಸಭೆಗೆ ಹೋಗಿ ಕೂತು, "ಲೆಕ್ಕ ತೋರಿಸ್ರಿ" ಅಂತ ಕೇಳುವವರಿದ್ದರೆ ಮಾತ್ರ ಅದು ಒಡೆತನ.

ನಮ್ಮ ಜಿಲ್ಲೆಯಲ್ಲಿ ಈಚೆಗೆ ಒಳ್ಳೆಯ ಕೆಲಸಗಳೂ ಆಗಿವೆ. ನಮ್ಮ ತೊಗರಿಗೆ, ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಊರಿನ ಬಾಳೆಯನ್ನು ಕಮಲಾಪುರದ್ದು ಅಂತ ಮಾರುವಂತಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬಡಿಯುವ ಜೋಳದ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಹೊರ ಊರುಗಳಿಗೂ ಹೋಗುತ್ತಿದೆ. ನಮ್ಮ ಅವ್ವಂದಿರ ಕೈಯಲ್ಲಿದ್ದ ವಿದ್ಯೆಗೆ ಒಂದು ಹೆಸರು, ಒಂದು ಪಾಕೀಟು, ಒಂದು ಬೆಲೆ ಬಂತು. ಆ ಹೆಸರು ಅವರದೇ ಆಗಿ ಉಳಿಯಬೇಕು. ನಾಳೆ ಯಾವುದೋ ದೊಡ್ಡ ಅಂಗಡಿ ಅವರಿಂದಲೇ ರೊಟ್ಟಿ ಕೊಂಡು ತನ್ನ ಹೆಸರು ಹಚ್ಚಿ ಮಾರಿದರೆ, ರೊಟ್ಟಿ ಬಡಿದವರಿಗೆ ಕೂಲಿ ಮಾತ್ರ ಉಳಿಯುತ್ತದೆ.

ಕೊನೆಗೆ ನೀರು. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಮಕ್ಕಳೇ, ನೀವೂ ಮನಸ್ಸಿನಲ್ಲೇ ಮಾಡಿ. ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕೊಡ. ಲೀಟರಿಗೆ ಎಷ್ಟಾಯಿತು? 25 ಪೈಸೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಲೀಟರ್ ಬಾಟಲಿಗೆ 20 ರೂಪಾಯಿ. ಎಷ್ಟು ಪಟ್ಟು? ಎಂಬತ್ತು ಪಟ್ಟು. ರೈಲ್ವೆ ಸ್ಟೇಷನ್ನಿನಲ್ಲಿ ಸರಕಾರಿ ಸಂಸ್ಥೆಯೇ ಮಾರುವ ರೈಲ್ ನೀರ್ ಬಾಟಲಿ 2025ರ ಸೆಪ್ಟೆಂಬರಿನಿಂದ 14 ರೂಪಾಯಿ. ಅಂದರೆ ಬಾಟಲಿ ನೀರನ್ನೂ 14 ರೂಪಾಯಿಗೆ ಕೊಡಲು ಆಗುತ್ತದೆ ಎಂದಾಯಿತು. ಘಟಕ ಕೆಟ್ಟು ನಿಂತ ದಿನ ಬಡವರು 25 ಪೈಸೆಯ ನೀರಿನಿಂದ ಸೀದಾ 20 ರೂಪಾಯಿಯ ನೀರಿಗೆ ಬೀಳುತ್ತಾರೆ, ಇಲ್ಲವೇ ಸಿಕ್ಕ ನೀರು ಕುಡಿಯುತ್ತಾರೆ. ನಡುವೆ ಬೇರೆ ಮೆಟ್ಟಿಲಿಲ್ಲ.

ನಮ್ಮ ಹಿರಿಯರು ನೀರನ್ನು ಮಾರುವುದು ಪಾಪ ಅಂದುಕೊಂಡಿದ್ದರು. ಬೇಸಿಗೆ ಬಂತೆಂದರೆ ಅರವಟ್ಟಿಗೆ. ಮಣ್ಣಿನ ಹರವಿ, ಮೇಲೆ ಒದ್ದೆ ಬಟ್ಟೆ, ದಾರಿಹೋಕನ ಜಾತಿ ಕೇಳದೆ ನೀರು. ರೋಜಾದಲ್ಲಿ ಮೊಹರಂ ಬಂದರೆ ಸಬೀಲ್ ಹಾಕುತ್ತಾರೆ, ಬಂದವರಿಗೆಲ್ಲ ನೀರು, ಶರಬತ್ತು. ಶರಣಬಸವೇಶ್ವರರ ದಾಸೋಹದ ಊರಿದು. ಆದರೆ ಒಂದು ಲಕ್ಷ ಜನರಿಗೆ ಕೊಳವೆಯಲ್ಲಿ ನೀರು ಹರಿಸುವುದು ಹರವಿಯಿಂದ ಆಗುವುದಿಲ್ಲ. ಅದಕ್ಕೆ ಯಂತ್ರ ಬೇಕು, ಬಲ್ಲವರು ಬೇಕು.

ಕಲಬುರಗಿ ನಗರದಲ್ಲಿಯೇ ಇದರ ಪ್ರಯೋಗ ನಡೆದಿದೆ. ವಿಶ್ವ ಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಈ ಮೂರು ಕಡೆ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಡುವ ಯೋಜನೆ ಬಂತು. ನಡೆಸುವ ಹೊಣೆಯನ್ನು ಫ್ರಾನ್ಸ್ ಮೂಲದ ವಿಯೋಲಿಯಾ ಕಂಪನಿಗೆ ಕೊಟ್ಟರು. ವಾರಕ್ಕೆ ಒಮ್ಮೆ ಎರಡು ಸಲ ನೀರು ಬರುತ್ತಿದ್ದ ಕಡೆ ಹಗಲು ರಾತ್ರಿ ನಳದಲ್ಲಿ ನೀರು ಬಂತು. ಇದನ್ನು ಒಪ್ಪಲೇಬೇಕು. ಅದೇ ಹೊತ್ತಿಗೆ, ಮೀಟರ್ ಬಂದರೆ ಬಡವರ ಮನೆಯ ಬಿಲ್ ಏನಾದೀತು, ಕಂಪನಿ ಯಾರಿಗೆ ಉತ್ತರ ಕೊಡುತ್ತದೆ ಎಂದು ಜನ ಕೇಳಿದ್ದೂ ನ್ಯಾಯವೇ. ಅಲ್ಲಿ ಒಂದು ಮುಖ್ಯ ಸಂಗತಿ ಇತ್ತು: ಪೈಪು, ಟಾಕಿ ಎಲ್ಲ ಸಾರ್ವಜನಿಕರ ಆಸ್ತಿಯಾಗಿಯೇ ಉಳಿದವು. ಕಂಪನಿಗೆ ಕೊಟ್ಟದ್ದು ನಡೆಸುವ ಕೆಲಸ ಮಾತ್ರ.

ಇಷ್ಟೆಲ್ಲ ಹೇಳಿದ್ದರಿಂದ ನನಗೆ ತಿಳಿದದ್ದು ಮೂರು ಮಾತು. ಒಂದು, ಇಲ್ಲದಿದ್ದರೆ ನಡೆಯುವ ಸರಕನ್ನು ಮಾರುಕಟ್ಟೆಗೆ ಬಿಡಿ. ಕೋಲಾ ಯಾರು ಮಾರಿದರೆ ನಮಗೇನು? ಎರಡು, ಇಲ್ಲದೆ ನಡೆಯದ ಸರಕಿನ ಒಡೆತನ ಅದನ್ನು ಬಳಸುವವರ ಅಥವಾ ಬೆಳೆಯುವವರ ಕೈಯಲ್ಲಿರಲಿ. ಪಂಚಾಯತಿಯಾಗಲಿ, ಪಾಲಿಕೆಯಾಗಲಿ, ಸಹಕಾರಿ ಸಂಘವಾಗಲಿ, ನಾವು ಹೋಗಿ ಕೇಳಬಹುದಾದ, ಚುನಾಯಿಸಿ ಇಳಿಸಬಹುದಾದ ಕೈ ಅದಾಗಿರಲಿ. ಮೂರು, ನಡೆಸುವ ಕೆಲಸವನ್ನು ಬಲ್ಲವರಿಗೆ ಕೊಡಿ, ಖಾಸಗಿಯವರಾದರೂ ಸರಿ, ಆದರೆ ಕೀಲಿಕೈ ಮತ್ತು ಲೆಕ್ಕದ ಪುಸ್ತಕ ಮಾತ್ರ ಕೊಡಬೇಡಿ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ಸುವರ್ಣ ಮಹೋತ್ಸವಕ್ಕೆಂದು ಹಳೆಯ ವಿದ್ಯಾರ್ಥಿಗಳು ಕೂಡಿಸಿದ ನಿಧಿಯಲ್ಲಿ ಖರ್ಚು ಕಳೆದು ಸ್ವಲ್ಪ ಹಣ ಉಳಿಯುತ್ತದೆ. ಅದರಿಂದ ಶಾಲೆಯ ಮುಂದೆ ಕಮಾನು ಕಟ್ಟಿಸಬೇಕು ಎಂಬುದು ಹಲವರ ಅಭಿಪ್ರಾಯ. ಇನ್ನೊಂದು ಕಡೆ, ಒಂದು ಪಾನೀಯ ಕಂಪನಿಯ ವಿತರಕರು ಬಂದು, ಮಕ್ಕಳಿಗೆ ಪುಕ್ಕಟೆ ನೀರಿನ ಯಂತ್ರ ಕೊಡುತ್ತೇವೆ, ಯಂತ್ರದ ಮೇಲೆ ನಮ್ಮ ಹೆಸರು ಇರಲಿ, ಗೇಟಿನ ಹತ್ತಿರ ನಮ್ಮ ಒಂದು ಫ್ರಿಜ್ ಇಡಲು ಜಾಗ ಕೊಡಿ ಅಂದಿದ್ದಾರೆ. ನಿಧಿಯ ಹಣ ಖರ್ಚಾಗುವುದಿಲ್ಲ, ಯಂತ್ರ ಬರುತ್ತದೆ, ಕಮಾನೂ ಆಗುತ್ತದೆ, ಬೇಡ ಅನ್ನುವುದು ಯಾಕೆ ಎಂದು ನನ್ನ ಗೆಳೆಯರೇ ಕೇಳುತ್ತಿದ್ದಾರೆ.

ಬೇಡ ಅನ್ನಲು ಎರಡು ಕಾರಣ ಇವೆ. ಮೊದಲನೆಯದು ಕಾನೂನು. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ತಿನಿಸು ಪಾನೀಯಗಳನ್ನು ಶಾಲೆಯೊಳಗಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಾರಬಾರದು, ಜಾಹೀರಾತು ಮಾಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಹೇಳುತ್ತದೆ. ಎರಡನೆಯದು, ಯಂತ್ರ ಅವರದಾದರೆ ಅದು ಕೆಟ್ಟ ದಿನ ನಾವು ಅವರಿಗಾಗಿ ಕಾಯಬೇಕು. ಅವರಿಗೆ ಇಲ್ಲಿ ವ್ಯಾಪಾರ ಸಾಲದು ಅನ್ನಿಸಿದ ದಿನ ಯಂತ್ರ ಎತ್ತಿಕೊಂಡು ಹೋಗುತ್ತಾರೆ. ಅಷ್ಟರಲ್ಲಿ ನಾಲ್ಕುನೂರು ಮಕ್ಕಳ ನಾಲಿಗೆಗೆ ಅವರ ಸರಕಿನ ರುಚಿ ಹತ್ತಿರುತ್ತದೆ.

"ಸರಕಾರದ ಘಟಕ ಎಷ್ಟು ಊರಾಗ ಬಂದ್ ಬಿದ್ದಾವ ನೋಡೀಯೇನು? ನಾವು ಇಟ್ಟಿದ್ದೂ ಹಂಗೇ ಆಗ್ತದ" ಅಂತ ಒಬ್ಬ ಗೆಳೆಯ ನಿನ್ನೆ ರಾತ್ರಿ ನನ್ನ ಜೊತೆ ವಾದ ಮಾಡಿದ. ಅವನ ಮಾತಿನಲ್ಲಿ ಸತ್ಯವಿದೆ. ಘಟಕಗಳು ಕೆಡುವುದು ಯಂತ್ರ ಕೆಟ್ಟದ್ದೆಂದಲ್ಲ. ಪೊರೆ ಬದಲಿಸಲು ಹಣ ಎತ್ತಿಡುವವರಿಲ್ಲ, ಕೆಟ್ಟಾಗ ಯಾರಿಗೆ ಹೇಳಬೇಕೆಂದು ಗೊತ್ತಿಲ್ಲ, ನೀರು ಪರೀಕ್ಷಿಸುವವರಿಲ್ಲ. ಹಾಗಾಗಿ ನನ್ನ ಸಲಹೆ ಯಂತ್ರದ ಬಗ್ಗೆ ಕಡಿಮೆ, ನಿರ್ವಹಣೆಯ ಬಗ್ಗೆ ಹೆಚ್ಚು.

ಕಮಾನಿನ ಬದಲು ಆ ಹಣದಲ್ಲಿ ಶಾಲೆಗೆ ನಮ್ಮದೇ ನೀರಿನ ಘಟಕ ಹಾಕೋಣ. ಅರ್ಧ ಹಣ ಮಾತ್ರ ಯಂತ್ರಕ್ಕೆ. ಉಳಿದರ್ಧ ಶಾಲೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ, ಅದರ ಬಡ್ಡಿ ಸೋಸುವ ಪೊರೆ ಮತ್ತು ರಿಪೇರಿಗೆ. ಕೊಳವೆಬಾವಿಯ ನೀರನ್ನು ಮೊದಲು ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸೋಣ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಕರಗಿದ ಲವಣ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು, ನೈಟ್ರೇಟ್ 45 ಮೀರಬಾರದು. ನೀರು ಇದರೊಳಗಿದ್ದರೆ ದೊಡ್ಡ ಆರ್.ಓ. ಯಂತ್ರವೇ ಬೇಡ, ಸಾದಾ ಸೋಸುವಿಕೆ ಸಾಕು. ಆರ್.ಓ. ಹಾಕಲೇಬೇಕಾದರೆ ಅದು ಹೊರಗೆ ಬಿಡುವ ನೀರನ್ನು ಶೌಚಾಲಯಕ್ಕೂ ಗಿಡಗಳಿಗೂ ತಿರುಗಿಸೋಣ. ನಮ್ಮ ಬರದ ಸೀಮೆಯಲ್ಲಿ ಒಂದು ಹನಿಯೂ ಚರಂಡಿಗೆ ಹೋಗಬಾರದು.

ತಿಂಗಳಿಗೊಮ್ಮೆ ಒಂಬತ್ತನೇ ತರಗತಿಯ ಮಕ್ಕಳು ವಿಜ್ಞಾನದ ಗುರುಗಳ ಜೊತೆ ನೀರು ಪರೀಕ್ಷಿಸಿ, ಅಂಕಿಗಳನ್ನು ಗೋಡೆಯ ಹಲಗೆಯ ಮೇಲೆ ಬರೆಯಲಿ. ಊರವರು ಯಾರು ಬೇಕಾದರೂ ಬಂದು ಓದಲಿ. ಕೀಲಿಕೈ ಮುಖ್ಯಗುರುಗಳ ಹತ್ತಿರ ಒಂದು, ಶಾಲಾಭಿವೃದ್ಧಿ ಸಮಿತಿಯ ತಾಯಿಯೊಬ್ಬರ ಹತ್ತಿರ ಇನ್ನೊಂದು. ವರ್ಷಕ್ಕೊಮ್ಮೆ ಆಗಸ್ಟ್ 15ರಂದು ಝಂಡಾ ಹಾರಿಸಿದ ಮೇಲೆ ಇದೇ ಅಂಗಳದಲ್ಲಿ ಲೆಕ್ಕ ಓದಬೇಕು. ಲೆಕ್ಕ ಬರೆಯುವ ಒಂದು ಸಣ್ಣ ಸಾಫ್ಟ್‌ವೇರನ್ನು ನಾನು ಮಾಡಿಕೊಡುತ್ತೇನೆ, ಯಂತ್ರ ನಿಂತರೆ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಮೊಬೈಲಿನಲ್ಲಿ ಸಂದೇಶ ಬರುವಂತೆ ಮಾಡುತ್ತೇನೆ. ಆದರೆ ಕಾಗದದ ಪುಸ್ತಕವೂ ಇರಲಿ. ಕರೆಂಟ್ ಹೋದಾಗ ಓದಲು ಬರುವುದು ಅದೊಂದೇ.

ಬೇಸಿಗೆಯ ಎರಡು ತಿಂಗಳು, ಶಾಲೆಗೆ ರಜೆ ಇದ್ದಾಗ, ಗೇಟಿನ ಹೊರಗೆ ಒಂದು ನಳ ತೆಗೆದು ದಾರಿಹೋಕರಿಗೆ ಅರವಟ್ಟಿಗೆ ನಡೆಸೋಣ. ಹಮನಾಬಾದ್ ರಸ್ತೆಯಲ್ಲಿ ಬಿಸಿಲಿಗೆ ಬಸ್ಸು ಕಾಯುವವರಿಗೆ ಅದಕ್ಕಿಂತ ದೊಡ್ಡ ಕಮಾನು ಬೇಕಿಲ್ಲ.

ಹಾಗೆಯೇ ಊರಿನ ಹಿರಿಯರಲ್ಲಿ ಒಂದು ಬಿನ್ನಹ. ನಿಮ್ಮ ಹಳ್ಳಿಯಲ್ಲಿ ಹಾಲಿನ ಸಂಘ ಇದ್ದರೆ ಈ ವರ್ಷದ ಮಹಾಸಭೆಗೆ ತಪ್ಪದೆ ಹೋಗಿ, ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ. ಇಲ್ಲದಿದ್ದರೆ, ಒಕ್ಕೂಟದವರನ್ನು ಕರೆಸಿ ಮಾತಾಡೋಣ. ಅರ್ಜಿ ಬರೆಯುವುದರಿಂದ ಹಿಡಿದು ಕಲಬುರಗಿಗೆ ಓಡಾಡುವ ತನಕ ನಮ್ಮ ಬ್ಯಾಚಿನವರು ಜೊತೆಗಿರುತ್ತೇವೆ. ರೋಜಾದ ಕಿರಾಣಿ ಅಂಗಡಿಯ ಹಿರಿಯರಂಥವರೂ ನಾಲ್ಕೈದು ಜನ ಕೂಡಿ ಒಟ್ಟಿಗೆ ಸರಕು ಕೊಂಡರೆ ಅವರಿಗೂ ಹೋಲ್‌ಸೇಲ್ ರೇಟು ಇಳಿಯುತ್ತದೆ. ಈ ಮಾತನ್ನು ಅವರಿಗೂ ಹೇಳಿ ಬಂದಿದ್ದೇನೆ. "ನೋಡೋಣ ಬಿಡ್ರಿ, ನಾಲ್ಕು ಮಂದಿ ಕೂಡಿಸೋದೇ ದೊಡ್ಡ ಕೆಲಸ" ಅಂದರು. ಹೌದು, ದೊಡ್ಡ ಕೆಲಸವೇ. ಐವತ್ತು ವರ್ಷದ ಹಿಂದೆ ನಮ್ಮ ಹಿರಿಯರು ಜಾಗ ಕೊಟ್ಟು, ಕಲ್ಲು ಹೊತ್ತು, ಮಾಸ್ತರರನ್ನು ಬೇಡಿಕೊಂಡು ಈ ಶಾಲೆ ತಂದದ್ದೂ ನಾಲ್ಕು ಮಂದಿ ಕೂಡಿಯೇ.

ಗೋಷ್ಠಿ ಮುಗಿದ ಮೇಲೆ ನಿಧಿಯ ಸಭೆ ಇದೇ ಕೋಣೆಯಲ್ಲಿ ಸೇರುತ್ತದೆ. ಕಮಾನು ಬೇಕೆನ್ನುವವರೂ ಬನ್ನಿ, ಯಂತ್ರ ಬೇಕೆನ್ನುವವರೂ ಬನ್ನಿ, ನನ್ನ ಮಾತು ಒಪ್ಪದವರು ತಪ್ಪದೆ ಬನ್ನಿ.